ಜಿಎಸ್-15ಕ್ಕೆ ಹೆಸರು ಬಂದ ಬಗೆ

ವಾಷಿಂಗ್ಟನ್ ನಗರವನ್ನು ಬಳಸಿ ಹರಿಯುವ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಡೆರೆಕ್ ಲವ್ಲೀ ಮತ್ತು ಸಂಗಡಿಗರಿಗೆ ಸಿಕ್ಕ ಬ್ಯಾಕ್ಟೀರಿಯಾ ಒಂದರ ವಿಷಯ 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆಗ ಅದನ್ನು ಕರೆದದ್ದು ಜಿಎಸ್-15 ಎಂದಷ್ಟೆ. ಜಿಯೊಬ್ಯಾಕ್ಟರ್ ಮೆಟಲಿರಿಡ್ಯೂಸೆನ್ಸ್ ಎಂಬ ಹೆಸರು ಬಂದದ್ದು 1993ರಲ್ಲಿ. ಬಿ.ಎಸ್ಸಿ. ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವ ನಾನು, ಹೊಸ ಪ್ರಭೇದ ಎನ್ನಲು ಎಷ್ಟು ಪುರಾವೆ ಬೇಕೆಂದು ತಿಳಿಸಲು ಇದನ್ನೇ ಎತ್ತಿಕೊಳ್ಳುತ್ತೇನೆ.

ನದಿಯ ಕೆಸರಿನಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಮೇಲಿನ ತೆಳು ಪದರದಲ್ಲಿ ಮಾತ್ರ. ಅದರ ಕೆಳಗೆ ಬದುಕುವ ಜೀವಿಗಳನ್ನು ತೆರೆದ ತಟ್ಟೆಯಲ್ಲಿ ಬೆಳೆಸಲಾಗದು. ಬಾಟಲಿಯೊಳಗಿನ ಗಾಳಿ ತೆಗೆದು ನೈಟ್ರೊಜನ್, ಕಾರ್ಬನ್ ಡೈಆಕ್ಸೈಡ್ ತುಂಬಿ, ದಪ್ಪ ರಬ್ಬರ್ ಬಿರಡೆ ಬಿಗಿಯಬೇಕು. ಜಿಎಸ್-15ಕ್ಕೆ ಆಹಾರವಾಗಿ ಅಸಿಟೇಟ್ ಕೊಟ್ಟರು, ಜೊತೆಗೆ ತುಕ್ಕಿನ ಬಣ್ಣದ ಕಬ್ಬಿಣದ ಆಕ್ಸೈಡ್. ನಮ್ಮ ಉಸಿರಾಟದಲ್ಲಿ ಆಮ್ಲಜನಕ ಮಾಡುವ ಕೆಲಸವನ್ನು ಇದರ ಉಸಿರಾಟದಲ್ಲಿ ಕಬ್ಬಿಣ ಮಾಡುತ್ತದೆ. ಬರುಬರುತ್ತಾ ಕಂದು ಪುಡಿ ಕಪ್ಪಾಗುತ್ತದೆ. ಗಾಜಿನ ಹೊರಗೆ ಅಯಸ್ಕಾಂತ ಹಿಡಿದರೆ ಕಪ್ಪು ಪುಡಿಯೆಲ್ಲ ಅತ್ತ ಸರಿದು ಗೋಡೆಗೆ ಅಂಟಿಕೊಳ್ಳುತ್ತದೆ: ಅದು ಮ್ಯಾಗ್ನೆಟೈಟ್. ಕಣ್ಣಿಗೆ ಕಾಣದ ಜೀವಿಯೊಂದು ಖನಿಜವನ್ನೇ ಬದಲಿಸಿಬಿಟ್ಟಿತಲ್ಲ ಎಂದು ನನಗೆ ಇಂದಿಗೂ ರೋಮಾಂಚನ.

ಆದರೆ ಒಂದು ಕೆಲಸ ಮಾಡುತ್ತದೆ ಎಂದ ಮಾತ್ರಕ್ಕೆ ಹೆಸರಿಡಲಾಗದು. ಆಕಾರ ನೋಡಿಯೂ ಆಗದು; ಕಡ್ಡಿಯಾಕಾರದ, ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಆರ್‌ಎನ್‌ಎಯನ್ನು ಓದುತ್ತಾರೆ. ಸುಮಾರು 1,500 ಅಕ್ಷರಗಳ ಈ ಸರಣಿಯಿಂದ ಯಾರಿಗೆ ಯಾರು ನಂಟರೆಂದು ಹೇಳಬಹುದೆಂದು ತೋರಿಸಿಕೊಟ್ಟವರು ಕಾರ್ಲ್ ವೋಸ್. ಜಿಎಸ್-15ಕ್ಕೆ ತೀರ ಹತ್ತಿರದ ನಂಟನಾಗಿ ಕಂಡದ್ದು ಗಂಧಕವನ್ನು ಬಳಸಿ ಉಸಿರಾಡುವ ಡೀಸಲ್ಫ್ಯುರೊಮೋನಾಸ್. ಆದರೂ ಅದೇ ಕುಲಕ್ಕೆ ಸೇರಿಸುವಷ್ಟು ಹತ್ತಿರವಲ್ಲ. ಹಾಗಾಗಿ ಪ್ರಭೇದದ ಜೊತೆಗೆ ಕುಲವನ್ನೂ ಹೊಸದಾಗಿ ಸ್ಥಾಪಿಸಬೇಕಾಯಿತು.

ಈಗ ಅಳತೆಗೋಲು ಇನ್ನೂ ಖಚಿತ. 16ಎಸ್ ಹೋಲಿಕೆ ಸುಮಾರು ಶೇ 98.7ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವೆಂದು ಧೈರ್ಯವಾಗಿ ಹೇಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಒಂದೇ ಪ್ರಭೇದ ಎಂದು ಅರ್ಥವಲ್ಲ. ಇಡೀ ಜೀನೋಮ್‌ಗಳನ್ನು ಹೋಲಿಸಬೇಕು. ಅಲ್ಲಿ ಗಡಿ ಶೇ 95–96. ಕೋಶದ ಕೊಬ್ಬಿನಾಮ್ಲಗಳು, ಉಪ್ಪು, ಉಷ್ಣತೆ ಎಷ್ಟು ತಾಳುತ್ತದೆ ಎಂಬ ಪರೀಕ್ಷೆಗಳೂ ಜೊತೆಗಿರುತ್ತವೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ನಿಯಮ ಬೇರೆಯದು. ಹೊಸ ಪ್ರಭೇದದ ಜೀವಂತ ಮಾದರಿಯನ್ನು ಎರಡು ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಇಡಬೇಕು. ಜಿಎಸ್-15 ಅಮೆರಿಕದ ಎಟಿಸಿಸಿಯಲ್ಲೂ ಜರ್ಮನಿಯ ಡಿಎಸ್‌ಎಂಝಡ್‌ನಲ್ಲೂ ಇದೆ. ನಮ್ಮ ದೇಶದಲ್ಲಿ ಚಂಡೀಗಢ, ಪುಣೆಗಳಲ್ಲಿ ಇಂಥ ಸಂಗ್ರಹಾಲಯಗಳಿವೆ. ವರ್ಣನೆಯಲ್ಲಿ ಅನುಮಾನ ಬಂದ ಸಂಶೋಧಕರು ಅದೇ ಜೀವಿಯನ್ನು ತರಿಸಿಕೊಂಡು ಮತ್ತೆ ಪರೀಕ್ಷಿಸಬಹುದು. ಹೆಸರಿಗೆ ಬೆಲೆ ಬರುವುದು ಇದರಿಂದ.

2022ರಲ್ಲಿ ಬಂದ ಸೀಕ್‌ಕೋಡ್ ಎಂಬ ನಿಯಮಾವಳಿಯ ಪ್ರಕಾರ, ಬೆಳೆಸಲಾಗದ ಜೀವಿಗೂ ಕೆಸರಿನಿಂದ ಓದಿದ ಜೀನೋಮ್ ಆಧಾರದಲ್ಲೇ ಹೆಸರಿಡಬಹುದು. ಕೆಸರಿನ ಬಹುಪಾಲು ಜೀವಿಗಳನ್ನು ಇನ್ನೂ ಯಾರೂ ಬೆಳೆಸಿಲ್ಲವಾದ್ದರಿಂದ ಇದು ಬೇಕಾಗಿತ್ತು, ಸ್ವಾಗತಿಸುತ್ತೇನೆ. ಆದರೆ ಜೀನೋಮ್ ಓದಿ ಒಂದು ಜೀವಿ ಏನು ಮಾಡಬಲ್ಲದೆಂದು ಊಹಿಸಬಹುದು, ಅಷ್ಟೆ. ಅದು ನಿಜಕ್ಕೂ ಮಾಡುತ್ತದೆಯೇ ಎಂದು ತಿಳಿಯಲು ಬಾಟಲಿಯಲ್ಲಿ ಬೆಳೆಸಿಯೇ ನೋಡಬೇಕು. ಆ ಕೈಕೆಲಸ ಕಲಿಯುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಇನ್ನೂ ಹೆಚ್ಚಬೇಕು.