ನೆನಪಿನ ಚಿಪ್: ಎಣಿಕೆಯೋ, ಅಳತೆಯೋ?

ಧಾರಕಗಳ ಪಾಠ ಮುಗಿದ ದಿನ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು: “ಗಣಕಯಂತ್ರದ ನೆನಪೆಲ್ಲವೂ ಸೊನ್ನೆ, ಒಂದುಗಳ ಲೆಕ್ಕವಲ್ಲವೇ ಸಾರ್? ಚಿಪ್‌ಗಳ ವಿನ್ಯಾಸವನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿರುವ ನನಗೆ ಆವೇಶ, ವಿಭವಗಳ ಗೊಡವೆ ಏಕೆ?”

ಪ್ರಶ್ನೆ ಸಹಜವಾದುದೇ. ಎಣಿಕೆಯಿಂದ ನಡೆಯುವ ಕೆಲಸವನ್ನು ಡಿಜಿಟಲ್ ಎಂದೂ, ಏರಿಳಿಯುವ ಪರಿಮಾಣಗಳ ಅಳತೆಯಿಂದ ನಡೆಯುವುದನ್ನು ಅನಲಾಗ್ ಎಂದೂ ಕರೆಯುತ್ತಾರೆ. ಹಣ್ಣನ್ನು ಎಣಿಸುವುದು ಮೊದಲನೆಯದು. ಹಾಲನ್ನು ಅಳೆಯುವುದು ಎರಡನೆಯದು. ಹಾಗಾದರೆ ನೆನಪಿನ ಚಿಪ್ಪನ್ನು ರಚಿಸುವವನ ಕೆಲಸ ಯಾವುದು?

ಗಣಕದ ಮುಖ್ಯ ಸ್ಮೃತಿಯಾಗಿ ಇಂದು ಬಳಕೆಯಲ್ಲಿರುವುದು ಡೈನಮಿಕ್ ರ್ಯಾಮ್. ಇದರ ಒಂದೊಂದು ಕೋಶದಲ್ಲಿಯೂ ಒಂದು ಟ್ರಾನ್ಸಿಸ್ಟರ್, ಒಂದು ಧಾರಕ ಮಾತ್ರ ಇರುವುವು. ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬವರು 1966ರಲ್ಲಿ ಇದನ್ನು ಕಲ್ಪಿಸಿದರು. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಧಾರಕದಲ್ಲಿ ಆವೇಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಇಲ್ಲಿಯವರೆಗೆ ಎಲ್ಲವೂ ಎಣಿಕೆಯೇ.

ಆದರೆ ಆ ಆವೇಶವೆಷ್ಟು? ಧಾರಕತೆ 10 ಫೆಮ್ಟೊಫ್ಯಾರಡ್, ಅಂದರೆ ಒಂದು ಫ್ಯಾರಡಿನ ಕೋಟಿ ಕೋಟಿಯಲ್ಲಿ ಒಂದು ಪಾಲು, ವಿಭವ 1 ವೋಲ್ಟ್ ಎಂದಿಟ್ಟುಕೊಳ್ಳೋಣ. ಎರಡನ್ನೂ ಗುಣಿಸಿದರೆ ಸುಮಾರು 62,000 ಎಲೆಕ್ಟ್ರಾನುಗಳ ಆವೇಶವಾಗುವುದು. ಇದನ್ನು ಓದಬೇಕಾದರೆ ನೂರಾರು ಕೋಶಗಳಿಗೆ ಸಮಾನವಾದ ಒಂದು ತಂತಿಗೆ ಹರಿಯಬಿಡಬೇಕು. ಆ ತಂತಿಗೂ ಧಾರಕತೆಯುಂಟು. ಅದು 40 ಫೆಮ್ಟೊಫ್ಯಾರಡ್ ಇರಲಿ. ತಂತಿಯನ್ನು ಮೊದಲೇ 0.5 ವೋಲ್ಟಿನಲ್ಲಿ ಇರಿಸಿರುತ್ತಾರೆ. ಟ್ರಾನ್ಸಿಸ್ಟರಿನ ಬಾಗಿಲು ತೆರೆದಾಗ ಕೋಶದಲ್ಲಿ ಒಂದು ಇದ್ದರೆ ತಂತಿಯ ವಿಭವ 0.6ಕ್ಕೆ ಏರುವುದು, ಸೊನ್ನೆಯಿದ್ದರೆ 0.4ಕ್ಕೆ ಇಳಿಯುವುದು. ಚೊಂಬಿನ ನೀರನ್ನು ಹಂಡೆಗೆ ಸುರಿದರೆ ಮಟ್ಟ ಎಷ್ಟು ತಾನೇ ಏರೀತು!

ಈ 0.1 ವೋಲ್ಟಿನ ಅಂತರವನ್ನು ಗುರುತಿಸುವುದು ಸೆನ್ಸ್ ಆಂಪ್ಲಿಫಯರ್ ಎಂಬ ಮಂಡಲ. ಪಕ್ಕದ ತಂತಿಯ 0.5 ವೋಲ್ಟಿನೊಡನೆ ತೂಗಿನೋಡಿ, ತಕ್ಕಡಿ ಯಾವ ಕಡೆಗೆ ವಾಲಿದರೂ ಆ ಕಡೆಗೇ ಪೂರ್ತಿ ಬಾಗುವಂತೆ ಅದನ್ನು ರಚಿಸಿದ್ದಾರೆ. ಓದುವಾಗ ಕೆಟ್ಟುಹೋದ ನೆನಪು ಇದರಿಂದಲೇ ಕೋಶದಲ್ಲಿ ಮತ್ತೆ ತುಂಬುವುದು. ತಕ್ಕಡಿಯ ಎರಡು ಕಡೆಯ ಟ್ರಾನ್ಸಿಸ್ಟರುಗಳಲ್ಲಿ ಸಮತೆ ತಪ್ಪಿದರೆ ಒಂದು ಸೊನ್ನೆಯಾದೀತು. ಓದದೆ ಬಿಟ್ಟರೂ ಆವೇಶ ಸೋರಿಹೋಗುವುದು. ಆದುದರಿಂದ ಪ್ರತಿಯೊಂದು ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಒಮ್ಮೆ ಮರುಪೂರಣ ಮಾಡಬೇಕು.

ಅಳತೆ ಕೆಟ್ಟರೆ ಎಣಿಕೆಯೂ ಕೆಡುವುದೆಂಬುದು ಅನುಭವದಿಂದಲೂ ತಿಳಿದುಬಂದಿದೆ. 1970ರ ದಶಕದಲ್ಲಿ ಕೆಲವು ಚಿಪ್‌ಗಳು ಕಾರಣ ತೋರದೆ ತಪ್ಪುತ್ತಿದ್ದುವು. ಚಿಪ್ಪಿನ ಕವಚದಲ್ಲಿ ಲೇಶಮಾತ್ರ ಬೆರೆತಿದ್ದ ಯುರೇನಿಯಂ, ಥೋರಿಯಂಗಳ ಆಲ್ಫಾ ಕಣಗಳೇ ಕೋಶಗಳ ಆವೇಶವನ್ನು ಕೆಡಿಸುತ್ತಿದ್ದುವೆಂದು ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ 1978ರಲ್ಲಿ ತೋರಿಸಿಕೊಟ್ಟರು.

ಯಾವ ಸಾಲಿನ ಯಾವ ಕೋಶವನ್ನು ತೆರೆಯಬೇಕೆಂದು ನಿರ್ಧರಿಸುವ ಭಾಗ ನಿಜವಾಗಿಯೂ ಡಿಜಿಟಲ್. ಕೋಶ, ತಂತಿ, ತಕ್ಕಡಿಗಳು ಅನಲಾಗ್. ಚಿಪ್ ಹೊರಗಿನವರಿಗೆ ಎಣಿಸಿಕೊಡುತ್ತದೆ, ಒಳಗೆ ಅಳೆಯುತ್ತದೆ. ಅದನ್ನು ರಚಿಸುವವನಿಗೆ ಎರಡೂ ತಿಳಿದಿರಬೇಕು.

ಆ ವಿದ್ಯಾರ್ಥಿಗೆ ನಾನು ಒಂದು ಲೆಕ್ಕವನ್ನು ಕೊಟ್ಟೆನು: ತಂತಿಯನ್ನು ಉದ್ದಮಾಡಿ, ಅದರ ಧಾರಕತೆ 90 ಫೆಮ್ಟೊಫ್ಯಾರಡ್ ಆದರೆ, 0.1 ವೋಲ್ಟಿನ ಅಂತರ ಎಷ್ಟಕ್ಕೆ ಇಳಿಯುವುದು? ಉತ್ತರ ದೊರೆತಾಗ, ತಂತಿಗಳನ್ನು ಏಕೆ ಚಿಕ್ಕ ಚಿಕ್ಕ ತುಂಡುಗಳಾಗಿ ವಿಭಾಗಿಸುತ್ತಾರೆಂಬುದು ಅವನಿಗೆ ತಾನಾಗಿಯೇ ಹೊಳೆಯಿತು. ವಾಚಕರೂ ಮಾಡಿನೋಡಬಹುದು.