ಫಾದರ್ ಪಟ್ಟಿ ಮತ್ತು ಅವ್ವನ ಲೆಕ್ಕ

ಹಾನಗಲ್ಲಿನ ನಮ್ಮ ಮನೆಯಲ್ಲಿ ಯಾವ ತಿಂಗಳು ನಡೆದಿದೆ ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ, ಹೊಲಿಗೆ ಮಶೀನಿನ ಮೇಲಿನ ಬಟ್ಟೆ ನೋಡಿದರೆ ಸಾಕು. ನೇರಳೆ ಬಣ್ಣ ಬಂತೆಂದರೆ ಕ್ರೈಸ್ತರ ತಪಸ್ಸುಕಾಲ ಹತ್ತಿರ ಬಂದಿದೆ ಎಂದರ್ಥ, ಇಲ್ಲವೇ ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲ. ಬಿಳಿ ಬಂದರೆ ಕ್ರಿಸ್ಮಸ್ ಅಥವಾ ಈಸ್ಟರ್. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂಟಕೋಸ್ಟ್ ಮತ್ತು ಹುತಾತ್ಮರ ಹಬ್ಬಗಳಿಗೆ ಕೆಂಪು. ವರ್ಷದ ಉಳಿದ ದಿನಗಳಲ್ಲಿ ಹೆಚ್ಚಿನವು ಹಸಿರು. ತಿಳಿ ಗುಲಾಬಿ ಬಣ್ಣಕ್ಕೆ ವರ್ಷದಲ್ಲಿ ಎರಡೇ ದಿನ: ಆಗಮನಕಾಲದ ಮೂರನೇ ಭಾನುವಾರ, ತಪಸ್ಸುಕಾಲದ ನಾಲ್ಕನೇ ಭಾನುವಾರ.

ನನ್ನ ಅವ್ವ ಹೊಲಿಯುವುದು ಸ್ಟೋಲ್. ಚರ್ಚಿನಲ್ಲಿ ಪೂಜೆ ಮಾಡುವಾಗ ಗುರುಗಳು ಕೊರಳ ಸುತ್ತ ಹಾಕಿಕೊಂಡು ಎದೆಯ ಮೇಲೆ ಎರಡೂ ಕಡೆ ಇಳಿಬಿಡುವ ಉದ್ದನೆಯ ಪಟ್ಟಿ ಅದು. ಅವ್ವನ ಬಾಯಲ್ಲಿ ಅದು ‘ಫಾದರ್ ಪಟ್ಟಿ’. ನಾವು ಕ್ರೈಸ್ತರಲ್ಲ, ಲಿಂಗಾಯತರು. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷ. ಶನಿವಾರ ಊರಿಗೆ ಬಂದರೆ ಅವ್ವನ ಅಸಿಸ್ಟೆಂಟ್.

ಮೂರು ವರ್ಷದ ಹಿಂದಿನವರೆಗೂ ಅವ್ವ ಝಂಪರ್, ಫಾಲ್, ಪೀಕೋ, ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಒಂದು ದಿನ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹರಿದ ಹಳೆಯ ಸ್ಟೋಲ್ ತಂದು, ‘ಇದನ್ನ ರಿಪೇರಿ ಮಾಡಿಕೊಡ್ತೀರಾ?’ ಎಂದರು. ಅವ್ವ ಕೂಡಲೇ ಸೂಜಿ ಹಿಡಿಯಲಿಲ್ಲ. ರಾತ್ರಿ ಕೂತು ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಒಳಗೆ ಏನಿದೆ, ಯಾವ ಪದರದ ಮೇಲೆ ಯಾವ ಪದರ, ಮೊದಲು ಹೊಲಿದದ್ದು ಯಾವುದು, ಕೊನೆಗೆ ಮುಚ್ಚಿದ್ದು ಯಾವುದು ಎಂದು ನೋಡಿದಳು. ಹಳೇ ನೋಟ್‌ಬುಕ್ಕಿನ ಹಾಳೆಯ ಮೇಲೆ ಅದರ ಆಕಾರ ಇಳಿಸಿಕೊಂಡಳು. ನಮ್ಮ ಕಾಲೇಜಿನಲ್ಲಿ ಇದಕ್ಕೆ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಹೊಸದೊಂದು ಹೊಲಿಯಲು ಅವ್ವನಿಗೆ ಬೇಕಾದದ್ದು ಆ ಒಂದು ರಾತ್ರಿ ಮಾತ್ರ.

ನೋಡಲು ಇದು ಬರೀ ಪಟ್ಟಿ. ಹೊಲಿಯಲು ಕೂತಾಗಲೇ ಅದರ ಕಷ್ಟ ತಿಳಿಯುವುದು. ಅವ್ವನ ಅಳತೆಯಲ್ಲಿ ಒಂದೊಂದು ಬದಿ ಐವತ್ತೆರಡು ಇಂಚು ಉದ್ದ, ತುದಿಯಲ್ಲಿ ನಾಲ್ಕೂವರೆ ಇಂಚು ಅಗಲ, ಕೊರಳಿನ ಹತ್ತಿರ ಸ್ವಲ್ಪ ಕಿರಿದು. ಎರಡು ಬದಿಗಳನ್ನು ಕತ್ತಿನ ಹಿಂದೆ ಓರೆಯಾಗಿ ಜೋಡಿಸಬೇಕು. ನೇರಕ್ಕೆ ಜೋಡಿಸಿದರೆ ಕತ್ತಿನ ಹಿಂದೆ ಬಟ್ಟೆ ಎದ್ದು ನಿಲ್ಲುತ್ತದೆ. ಎರಡೂ ಬದಿಯನ್ನು ಹಾಸಿನ ದಿಕ್ಕಿನಲ್ಲೇ ಕತ್ತರಿಸಬೇಕು. ಒಂದನ್ನು ಹಾಸಿನಲ್ಲೂ ಇನ್ನೊಂದನ್ನು ಹೊಕ್ಕಿನಲ್ಲೂ ಕತ್ತರಿಸಿದರೆ ನಾಲ್ಕು ತಿಂಗಳಲ್ಲಿ ಒಂದು ಬದಿ ಜಗ್ಗಿ ಉದ್ದವಾಗುತ್ತದೆ. ಒಳಗೆ ಕ್ಯಾನ್ವಾಸ್, ಹಿಂದೆ ಅಸ್ತರ. ಅಸ್ತರ ಕೂದಲೆಳೆಯಷ್ಟು ಬಿಗಿಯಾದರೂ ಪಟ್ಟಿಯ ಅಂಚು ಸುರುಳಿ ಸುತ್ತುತ್ತದೆ. ಕತ್ತಿನ ಹಿಂದೆ, ನಡುಮಧ್ಯೆ ಒಂದು ಚಿಕ್ಕ ಶಿಲುಬೆ ಇರುತ್ತದೆ. ಗುರುಗಳು ಸ್ಟೋಲ್ ಹಾಕಿಕೊಳ್ಳುವ ಮುಂಚೆ ಅದಕ್ಕೆ ಮುತ್ತಿಡುತ್ತಾರೆ. ಬೆವರು ಹತ್ತುವ ಜಾಗವೂ ಅದೇ ಆದ್ದರಿಂದ, ಬಿಚ್ಚಿ ಒಗೆಯಲು ಬರುವ ಬಿಳಿ ಬಟ್ಟೆಯೊಂದನ್ನು ಅಲ್ಲಿ ಕೈಹೊಲಿಗೆಯಲ್ಲಿ ಕೂಡಿಸುತ್ತಾಳೆ.

ಈ ಪಟ್ಟಿ ಯಾತರ ಗುರುತು ಎಂದು ಅವ್ವ ಒಮ್ಮೆ ಸಿಸ್ಟರ್‌ನ ಕೇಳಿದಳು. ಅದು ಕ್ರಿಸ್ತನ ನೊಗದ ಗುರುತು, ಸೇವೆಯ ಭಾರ ಹೊತ್ತಿದ್ದೇನೆ ಎಂದು ತೋರಿಸುವಂಥದ್ದು ಎಂದರು ಅವರು. ಎತ್ತುಗಳ ಸೀಮೆಯಲ್ಲಿ ಹುಟ್ಟಿದ ಅವ್ವನಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ. ‘ನೊಗ ಅಂದಮ್ಯಾಲ ಎರಡೂ ಕಡೆ ಭಾರ ಸಮ ಇರಬೇಕಲ್ರೀ’ ಎಂದಳು. ಅಂದಿನಿಂದ ಹೊಲಿದು ಮುಗಿದ ಪ್ರತಿ ಸ್ಟೋಲನ್ನು ಬಾಗಿಲ ಚಿಲಕಕ್ಕೆ ಹಾಕಿ, ಎರಡು ತುದಿಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುವ ಕೆಲಸ ನನ್ನದು. ಕಾಲು ಇಂಚು ವ್ಯತ್ಯಾಸವಿದ್ದರೂ ವಾಪಸ್ ಮಶೀನಿಗೆ.

ಒಬ್ಬಳ ಕೈಯಲ್ಲಿ ಮುಗಿಯುವ ಕೆಲಸವಲ್ಲ ಇದು. ಕತ್ತರಿಸುವುದು, ಜೋಡಿಸುವುದು ಹಾನಗಲ್ಲಿನಲ್ಲಿ. ಶಿಗ್ಗಾವಿಯ ಒಬ್ಬ ಅಕ್ಕ ಕಸೂತಿ ಹಾಕುತ್ತಾಳೆ. ಹಬ್ಬದ ಸ್ಯಾಟಿನ್ ಸ್ಟೋಲ್‌ಗಳಿಗೆ ಜರಿಯ ಆರಿ ವರ್ಕ್ ಮಾಡುವವರು ಸವಣೂರಿನ ಒಬ್ಬ ಚಾಚಾ, ಮದುವೆ ಬಟ್ಟೆಗಳ ಕೆಲಸ ಮಾಡಿ ಪಳಗಿದ ಕೈ ಅವರದು. ತುದಿಯ ಗೊಂಡೆಗಳು ಬರುವುದು ಹಿರೇಕೆರೂರಿನಿಂದ. ಅವನ್ನು ಕಟ್ಟುವ ಅಜ್ಜಿ ಕಾರಹುಣ್ಣಿಮೆ ಬಂದರೆ ಎತ್ತಿನ ಕೊಂಬಿಗೆ ಗೊಂಡೆ ಕಟ್ಟುವವಳು. ಉಳಿದ ದಿನಗಳಲ್ಲಿ ಅದೇ ಬೆರಳು, ಅದೇ ಗಂಟು, ನೂಲು ಮಾತ್ರ ರೇಷ್ಮೆ.

ಈ ನಾಲ್ಕು ಊರುಗಳನ್ನು ಬೆಸೆದದ್ದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗದಿದ್ದರೆ ಈ ಕೆಲಸ ಹೀಗೆ ಬೆಳೆಯುತ್ತಿತ್ತೋ ಇಲ್ಲವೋ. ಮೊದಲು ಒಂದು ಸ್ಟೋಲ್ ಶಿಗ್ಗಾವಿಗೆ ಹೋಗಿ ಬರುವಷ್ಟರಲ್ಲಿ ಅದರ ಲಾಭ ಟಿಕೆಟ್ಟಿಗೇ ಸರಿಹೋಗುತ್ತಿತ್ತು. ಈಗ ಅವ್ವ ಆಧಾರ್ ಕಾರ್ಡ್ ತೋರಿಸಿ ಹೋಗಿಬರುತ್ತಾಳೆ. ಜೊತೆಗೆ ಗಂಟು ಹೊರಲು ನಾನು ಹೋದರೆ ಟಿಕೆಟ್ ನನಗೊಬ್ಬನಿಗೇ. ‘ನೀ ಬರಬ್ಯಾಡ, ಖರ್ಚು ಜಾಸ್ತಿ ಆಗತೈತಿ’ ಎಂದು ನಗುತ್ತಾಳೆ.

ಓಣಿಯಲ್ಲಿ ಕೆಲವರು ಕೇಳಿದ್ದುಂಟು: ‘ನಮ್ಮ ದೇವರದಲ್ಲ, ಯಾಕ ಹೊಲೀತಿ?’ ಅವ್ವ ಜಗಳಕ್ಕೆ ಹೋಗಲಿಲ್ಲ. ತನ್ನ ಕೊರಳಿನ ಶಿವದಾರ ಮುಟ್ಟಿಕೊಂಡು, ‘ಕೊರಳಾಗ ಹಾಕ್ಕೊಳ್ಳೋ ಅರಿವಿ ಅದು. ಕೆಳಗ ಬಿದ್ದರ ನಮಗೂ ಸೇರೂದಿಲ್ಲ, ಅವರಿಗೂ ಸೇರೂದಿಲ್ಲ. ಸ್ವಚ್ಛ ಹೊಲಿಯೋದಷ್ಟ ನನ್ನ ಕೆಲಸ’ ಎಂದಳು. ನಮ್ಮ ಜಿಲ್ಲೆಗೆ ಇದೇನು ಹೊಸತೂ ಅಲ್ಲ. ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಹಾವೇರಿಯ ಏಲಕ್ಕಿ ಹಾರ ಕಟ್ಟುವುದರಲ್ಲಿ ಹೆಸರು ಮಾಡಿದವರು ಮುಸ್ಲಿಂ ಕುಟುಂಬದವರು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರಿಗೆ ಗುರುವಾಗಿದ್ದವರು ಕಳಸದ ಗೋವಿಂದ ಭಟ್ಟರು. ಕೊಟ್ಟು ತೆಗೆದುಕೊಳ್ಳುವುದು ನಮ್ಮ ಸೀಮೆಯ ಹಳೆಯ ರೂಢಿ.

ಚರ್ಚಿನ ಕಡೆಯಿಂದಲೂ ಇಂಥದ್ದೊಂದು ನಡೆ ಇತ್ತು ಎನ್ನುವುದು ನನಗೆ ಆಮೇಲೆ ತಿಳಿಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದ ಮೇಲೆ, ಆಯಾ ದೇಶದ ರೀತಿಯಲ್ಲಿ ಪೂಜೆ ನಡೆಸುವ ಪ್ರಯತ್ನಗಳು ಶುರುವಾದವು. 1969ರ ಏಪ್ರಿಲ್ 25ರಂದು ರೋಮ್ ಭಾರತಕ್ಕಾಗಿ ಹನ್ನೆರಡು ಬದಲಾವಣೆಗಳನ್ನು ಒಪ್ಪಿತು. ಮೇಣದಬತ್ತಿಯ ಬದಲು ಎಣ್ಣೆಯ ದೀಪ, ನೆಲದ ಮೇಲೆ ಕೂತು ಪೂಜೆ, ಕೈಮುಗಿದು ಶಾಂತಿ ಕೋರುವುದು, ಪಾಶ್ಚಾತ್ಯ ಉಡುಪಿನ ಬದಲು ಸರಳ ನಿಲುವಂಗಿಯ ಮೇಲೆ ಅಂಗವಸ್ತ್ರದಂಥ ಸ್ಟೋಲ್ ಎಲ್ಲ ಅದರಲ್ಲಿದ್ದವು. ಇದರ ಹಿಂದೆ ದುಡಿದವರು ಬೆಂಗಳೂರಿನ ಎನ್‌ಬಿಸಿಎಲ್‌ಸಿ ಕೇಂದ್ರದ ಫಾದರ್ ಡಿ.ಎಸ್. ಅಮಲೋರ್ಪವದಾಸ್. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಅವ್ವ ಸ್ಟೋಲ್ ಹೊಲಿದರೆ ಯಾರೂ ಹುಬ್ಬೇರಿಸದಿರುವುದಕ್ಕೆ ಆ ದಾರಿಯೂ ಒಂದು ಕಾರಣ. ಸ್ಟೋಲ್ ಕ್ಯಾಥೋಲಿಕರದ್ದಷ್ಟೇ ಅಲ್ಲ. 1947ರಲ್ಲಿ ಹುಟ್ಟಿದ ಸಿಎಸ್‌ಐ ಸಭೆಯಲ್ಲೂ ಸಭಾಪಾಲಕರು ಅದನ್ನು ಧರಿಸುತ್ತಾರೆ, ಅವರಲ್ಲಿ ಮಹಿಳೆಯರೂ ಇದ್ದಾರೆ. ಹಾಗಾಗಿ ಅಳತೆಯೂ ಒಂದೇ ಇರುವುದಿಲ್ಲ. ಐದಡಿಯವರಿಗೆ ಹೊಲಿದದ್ದು ಆರಡಿಯವರಿಗೆ ಗಿಡ್ಡವಾಗುತ್ತದೆ.

ಆದರೆ ಎಲ್ಲವನ್ನೂ ಊರಿನದಾಗಿಸಲು ಬರುವುದಿಲ್ಲ. ಸ್ಟೋಲಿನ ತುದಿಗೆ ಗೋಧಿ ತೆನೆಯ ಚಿತ್ರ ಕೇಳಿದ್ದರು. ಶಿಗ್ಗಾವಿಯ ಅಕ್ಕ ತಾನು ಕಂಡ ತೆನೆಯನ್ನೇ ಹಾಕಿ ಕಳಿಸಿದ್ದಳು, ದುಂಡಗೆ, ತುಂಬಿದ ಕಾಳು. ಸಿಸ್ಟರ್ ನೋಡಿ ನಕ್ಕರು: ‘ಇದು ಜೋಳದ ತೆನೆ ಆಗೇತಲ್ಲಾ!’ ಕ್ಯಾಥೋಲಿಕರ ಬಲಿಪೂಜೆಯ ರೊಟ್ಟಿ ಗೋಧಿಯದ್ದೇ ಆಗಿರಬೇಕು, ಆ ಚಿತ್ರಕ್ಕೆ ಅರ್ಥ ಬರುವುದೂ ಅದರಿಂದಲೇ. ಈಗ ಅಕ್ಕ ಗೋಧಿ ತೆನೆಯ ಉದ್ದ ಮುಳ್ಳುಗಳನ್ನು ಎಣಿಸಿ ಹಾಕುತ್ತಾಳೆ.

ಎಣಿಸುವುದೇ ಕಸೂತಿಯ ಜೀವಾಳ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಸಾಗಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿಯಲ್ಲಿ ಬಟ್ಟೆಯ ಎರಡೂ ಕಡೆ ಚಿತ್ರ ಒಂದೇ ರೀತಿ ಮೂಡುತ್ತದೆ. ಪ್ರಯಾಣಕ್ಕೆ, ರೋಗಿಗಳ ಮನೆಗೆ ಹೋಗುವಾಗ ಜೇಬಿನಲ್ಲಿ ಮಡಚಿಟ್ಟುಕೊಳ್ಳಲು ಅಸ್ತರವಿಲ್ಲದ ತೆಳು ಸ್ಟೋಲ್ ಬೇಕು ಎಂದು ಕೇಳುವವರಿದ್ದಾರೆ. ಅದಕ್ಕೆ ಗವಂತಿಯಷ್ಟು ಚೆನ್ನಾಗಿ ಒಗ್ಗುವ ಹೊಲಿಗೆಯನ್ನು ನಾನು ಕಂಡಿಲ್ಲ. ಮಶೀನಿನ ಕಸೂತಿಯಾದರೆ ಹಿಂಬದಿಗೆ ದಾರದ ಜಾಲ ಕಾಣುತ್ತದೆ.

ಆದರೂ ಮಶೀನು ನಮ್ಮನ್ನು ಬಿಡಲಿಲ್ಲ. ಹೋದ ವರ್ಷ ಒಬ್ಬ ಗಿರಾಕಿ ಕಂಪ್ಯೂಟರ್ ಎಂಬ್ರಾಯ್ಡರಿಯ ಸ್ಟೋಲ್ ತಂದು ತೋರಿಸಿ, ‘ಇದು ಅರ್ಧ ರೇಟಿಗೆ ಸಿಗತೈತಿ’ ಎಂದರು. ಅವ್ವ ಮಾತಾಡಲಿಲ್ಲ. ಅಂದು ರಾತ್ರಿ ನಾನು ಹೊಸ ನೋಟ್‌ಬುಕ್ ತೆಗೆದೆ. ಪ್ರತಿ ಕೆಲಸಕ್ಕೂ ಮೊಬೈಲಿನಲ್ಲಿ ಟೈಮ್ ಹಿಡಿದು ಮೂರು ವಾರ ಬರೆದೆವು. ಕಸೂತಿಯ ಒಂದು ಸ್ಟೋಲಿಗೆ ಕತ್ತರಿಸಿ ಕ್ಯಾನ್ವಾಸ್ ಕೂಡಿಸಲು ಎರಡು ಗಂಟೆ, ಕಸೂತಿಗೆ ಹದಿನಾರು ಗಂಟೆ, ಅಸ್ತರ, ಗೊಂಡೆ, ಇಸ್ತ್ರಿಗೆ ಮೂರು ಗಂಟೆ. ಒಟ್ಟು ಇಪ್ಪತ್ತೊಂದು. ನಾವು ತೆಗೆದುಕೊಳ್ಳುತ್ತಿದ್ದುದು 1,800 ರೂಪಾಯಿ. ಬಟ್ಟೆ, ದಾರಕ್ಕೆ 450, ಗೊಂಡೆಗೆ 100, ಶಿಗ್ಗಾವಿಯ ಅಕ್ಕನಿಗೆ 700, ಅವ್ವನಿಗೆ 550.

ಅವ್ವನ ಪಾಲು ಪರವಾಗಿರಲಿಲ್ಲ. ಅಕ್ಕನ ಪಾಲು ನೋಡಿ ಇಬ್ಬರೂ ಸುಮ್ಮನಾದೆವು. ಹದಿನಾರು ಗಂಟೆಗೆ 700 ಎಂದರೆ ಎಂಟು ಗಂಟೆಯ ದಿನಕ್ಕೆ 350. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370. ಕಣ್ಣು ಕಿರಿದು ಮಾಡಿಕೊಂಡು ನೇರಳೆ ಬಟ್ಟೆಯ ಎಳೆ ಎಣಿಸುವ ಕೈಗೆ, ಮಣ್ಣು ಹೊರುವ ಕೂಲಿಗಿಂತ ಇಪ್ಪತ್ತು ರೂಪಾಯಿ ಕಡಿಮೆ. ಅವಳ ಓಣಿಯ ಹೆಂಗಸರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ತಿಂಗಳಿಗೆ ಇಂತಿಷ್ಟು ಎಂದು ಕೈಗೆ ಬರುತ್ತದೆ. ಅವಳೂ ಹೋಗಿಬಿಟ್ಟರೆ ಅವಳಂತೆ ಎಳೆ ಎಣಿಸುವವರು ನಮಗೆ ಇನ್ನೊಬ್ಬರಿಲ್ಲ.

ಬಹಳ ಚರ್ಚೆಯಾಗಿ ಎರಡು ತೀರ್ಮಾನಕ್ಕೆ ಬಂದೆವು. ಅಕ್ಷರ, ಸರಳ ಶಿಲುಬೆ ಸಾಕು ಎನ್ನುವವರಿಗೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡಿಸಿ ಕಡಿಮೆ ದರಕ್ಕೆ ಕೊಡುವುದು. ಫೈಲ್ ತಯಾರಿಸುವುದು ನನ್ನ ಕೆಲಸ. ಕೈಕಸೂತಿ ಬೇಕೆನ್ನುವವರಿಗೆ 2,300 ರೂಪಾಯಿ, ಅದರಲ್ಲಿ ಕಸೂತಿಗೆ 1,100. ಗಂಟೆಗಳ ಲೆಕ್ಕ ಬರೆದ ಹಾಳೆಯೊಂದನ್ನು ಸ್ಟೋಲಿನ ಜೊತೆಗೇ ಇಟ್ಟು ಕೊಡುತ್ತೇವೆ. ಚೌಕಾಶಿ ಮಾಡುವವರು ಮೊದಲು ಅದನ್ನು ಓದಲಿ ಎಂದು.

ದರ ಹೇಳಿದ ಮೇಲೆ ಇಬ್ಬರು ಗಿರಾಕಿಗಳು ಮತ್ತೆ ಫೋನ್ ಮಾಡಲಿಲ್ಲ. ಒಬ್ಬರು ಹಾಳೆ ಓದಿ, ಮರುಮಾತಿಲ್ಲದೆ ಮುಂಗಡ ಕೊಟ್ಟು, ಎರಡು ತಿಂಗಳು ಮೊದಲೇ ಆರ್ಡರ್ ಬರೆಸಿದರು. ಸಿಸ್ಟರ್, ‘ನಮ್ಮಲ್ಲಿ ವರ್ಷಕ್ಕೆ ನಾಲ್ಕು ಬೇಕು, ಎರಡು ಕೈಯವು ಮಾಡ್ರಿ, ಎರಡು ಮಶೀನಿನವು’ ಎಂದರು. ಅದೂ ನ್ಯಾಯವೇ. ಅವರ ಬಜೆಟ್ಟೂ ನಮ್ಮ ಹಾಗೆಯೇ ಲೆಕ್ಕ ಹಾಕಿ ನಡೆಸುವಂಥದ್ದು.

ಎಂಜಿನಿಯರಿಂಗ್ ಓದುವ ನಮಗೆಲ್ಲ ಸ್ಟಾರ್ಟಪ್ ಬಗ್ಗೆ ದಿನಾ ಭಾಷಣ ಕೇಳಿ ಅಭ್ಯಾಸ. ನಿಮ್ಮ ಮನೆಯಲ್ಲೂ ಹೊಲಿಯುವ, ಹೆಣೆಯುವ, ರೊಟ್ಟಿ ಬಡಿಯುವ ಕೈ ಇದ್ದರೆ ಮೂರು ವಾರ ಅವರ ಪಕ್ಕ ಕೂತು ಗಂಟೆ ಬರೆದುಕೊಳ್ಳಿ. ಆ್ಯಪ್ ಆಮೇಲೆ ಮಾಡಿದರಾಯಿತು.

ಶಿಗ್ಗಾವಿಯ ಅಕ್ಕನ ಮಗಳು ಈಗ ದ್ವಿತೀಯ ಪಿಯುಸಿ. ಮೆಂತಿ ಹೊಲಿಗೆ ಕಲಿತಿದ್ದಾಳೆ, ಗವಂತಿಗೆ ಇನ್ನೂ ಕೈ ಹಾಕಿಲ್ಲ. ‘ಕಲೀತೇನಿ, ಆದ್ರ ಅವ್ವಗ ಹೊಸ ರೇಟ್ ಪೂರ್ತಿ ಒಂದು ವರ್ಷ ಬರಲಿ, ಆಮ್ಯಾಲ ನೋಡೂಣು’ ಎಂದಿದ್ದಾಳೆ. ಲೆಕ್ಕದಲ್ಲಿ ನನಗಿಂತ ಚುರುಕು ಹುಡುಗಿ. ಆಗಮನಕಾಲದ ನೇರಳೆ ಆರ್ಡರುಗಳು ನವೆಂಬರಿನಲ್ಲಿ ಬರುತ್ತವೆ. 2,300 ನಿಲ್ಲುತ್ತದೋ ಇಲ್ಲವೋ ಆಗ ತಿಳಿಯುತ್ತದೆ.