ಅಟ್ಟ ಸೇರಿದ ಈಳಿಗೆಮಣೆ

ನಮ್ಮದು ಮಡಿ ಜಾಸ್ತಿ ಇದ್ದ ಮನೆ. ಹಾಗಾಗಿ ನಾನು ಹಂಡೆ ನೀರು ಮುಗಿಯುವ ತನಕ ಕೈ ತೊಳೆದರೂ ಯಾರಿಗೂ ಅನುಮಾನ ಬರಲಿಲ್ಲ. ‘ಅಜ್ಜಿಯನ್ನೇ ಹೋಲುತ್ತಾಳೆ’ ಎಂದು ನಕ್ಕರು. ಮಡಿಯಿಂದ ಅಜ್ಜಿಗೆ ನೆಮ್ಮದಿ ಸಿಗುತ್ತಿತ್ತು. ನನಗೋ ತೊಳೆದಷ್ಟೂ ದಿಗಿಲು. ಗೀಳು ಕಾಯಿಲೆ ಅನೇಕರಲ್ಲಿ ಬಾಲ್ಯದಲ್ಲೇ ಹೀಗೆ ಶುರುವಾಗುತ್ತದೆ.

ಮಗ ಹುಟ್ಟಿದ ಮೇಲೆ ಅದು ವೇಷ ಬದಲಿಸಿತು. ಈಳಿಗೆಮಣೆ ಕಂಡರೆ ಸಾಕು, ‘ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?’ ಈಳಿಗೆ ಅಟ್ಟ ಸೇರಿತು, ಮಗುವಿಗೆ ಎರೆಯುವ ಕೆಲಸ ಅಮ್ಮನ ಪಾಲಾಯಿತು. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಯಾರಿಗೆ? ಬಾಣಂತಿಯರಲ್ಲಿ ಇಂಥ ಯೋಚನೆ ಅಪರೂಪವಲ್ಲ, ಅದು ಬಯಕೆಯಲ್ಲ, ಭಯ ಎಂದು ವೈದ್ಯೆ ಹೇಳಿದಾಗ ಅತ್ತುಬಿಟ್ಟೆ.

ಫ್ಲುವಾಕ್ಸೆಟಿನ್‌ನಂಥ ಮಾತ್ರೆ ಕೆಲಸ ಮಾಡಲು ವಾರಗಟ್ಟಲೆ ಬೇಕು. ಜೊತೆಗೆ, ಹೆದರಿಸುವುದನ್ನು ಎದುರಿಸಿಯೂ ಗೀಳಿನ ಮಾತು ಕೇಳದಿರುವ ಅಭ್ಯಾಸ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ದಾರಿ ಅದು. ನನ್ನ ಪಾಲಿಗೆ ಬಂದ ಅಭ್ಯಾಸ: ಮಗು ಪಕ್ಕದಲ್ಲಿ ಆಡುತ್ತಿರುವಾಗಲೇ ತೊಂಡೆಕಾಯಿ ಹೆಚ್ಚುವುದು. ಮೊದಮೊದಲು ಬೆವರಿಗೆ ಕಾಯಿ ಬೆರಳಿಂದ ಜಾರುತ್ತಿತ್ತು.

ಸಮಾಧಾನ ಹೇಳುತ್ತಾ ಹೋದರೆ ಗೀಳು ಬಲಿಯುತ್ತದೆ ಎಂದು ಗಂಡನಿಗೂ ಪಾಠವಾಗಿತ್ತು. ಈಗಲೂ ‘ರೀ, ಗ್ಯಾಸ್ ಆಫ್ ಮಾಡಿದ್ದೀನಿ ತಾನೆ?’ ಎಂದರೆ, ‘ಗೊತ್ತಿಲ್ಲ ಕಣೆ’ ಎಂದು ಗಾಡಿ ಸ್ಟಾರ್ಟ್ ಮಾಡುತ್ತಾರೆ.